ನಡುತೆಪ್ಪದ ಮದುವೆ

ಹೊಳೆ ಹಿಂದಿರುಗಿದ ನೂರಾ ಅರವತ್ತೊಂದನೆಯ ವರ್ಷ, ಶ್ರಾವಣದ ಮೂವತ್ತೆರಡನೆಯ ದಿನ
ನೀರೂರು, ಏಳನೆಯ ಹಗ್ಗ, ಕೊನೆಯ ಮನೆ

ಕೆಳಮನೆಯವರಿಗೆ ಕಸ್ತೂರೆವ್ವ ಮಾಡುವ ಶರಣು.

ಶ್ರಾವಣಕ್ಕೆ ಮೂವತ್ತೆರಡನೆಯ ದಿನವಂತೆ, ಮುದುಕಿಗೆ ಅರಳುಮರುಳು ಎಂದು ನಗಬೇಡಿ. ನಮ್ಮಲ್ಲಿ ಅಂಥ ದಿನಗಳಿವೆ. ಒಣ ನೆಲದವರ ಪಂಚಾಂಗಕ್ಕೂ ನೀರಿನ ಮೇಲಿರುವ ನಮ್ಮ ಪಂಚಾಂಗಕ್ಕೂ ವರ್ಷಕ್ಕೆ ಮೂರು ದಿನ ಹೆಚ್ಚುಕಡಿಮೆ ಬರುತ್ತದೆ. ನಿಮ್ಮದು ತಪ್ಪು ಎಂದು ಎದುರಿನವರಿಗೆ ಹೇಳಲು ಇಬ್ಬರಿಗೂ ನಾಲಿಗೆ ಏಳುವುದಿಲ್ಲ. ಹಾಗಾಗಿ ಶ್ರಾವಣದ ಬಾಲಕ್ಕೆ ಯಾರಿಗೂ ಸೇರದ ಮೂರು ದಿನಗಳನ್ನು ಕಟ್ಟಿಬಿಟ್ಟಿದ್ದೇವೆ. ಅವಕ್ಕೆ ಬಿಟ್ಟ ದಿನಗಳೆಂದು ಹೆಸರು. ಆ ಮೂರು ದಿನ ಬಲೆಗಳು ಒಣಗುತ್ತವೆ, ನ್ಯಾಯ ಹೇಳುವವರು ನಿದ್ದೆ ಮಾಡುತ್ತಾರೆ, ಹುಟ್ಟಿದ ಕೂಸುಗಳು ನಾಲ್ಕನೆಯ ದಿನ ಹುಟ್ಟಿದವೆಂದು ಬರೆದುಕೊಳ್ಳುತ್ತಾರೆ. ನನ್ನಂಥ ಕೆಲಸವಿಲ್ಲದವರು ಕೆಳಮನೆಗೆ ಕಾಗದ ಬರೆಯುತ್ತಾರೆ.

ಕೆಳಮನೆಯವರೆಂದರೆ ನೀವೇ. ನನ್ನ ಅಡುಗೆಕೋಣೆಯ ನೆಲದಲ್ಲಿ ಒಂದು ಮುಚ್ಚಳವಿದೆ. ಮಾಘದಲ್ಲಿ ಹಿನ್ನೀರು ತಿಳಿಯಾದಾಗ ಅದನ್ನು ಎತ್ತಿದರೆ ಕೆಳಗೆ ನಿಮ್ಮ ಮಾಳಿಗೆ ಕಾಣಿಸುತ್ತದೆ, ಅಂಗಳದ ಬೀಸುಕಲ್ಲು ಕಾಣಿಸುತ್ತದೆ. ಮೀನುಗಳು ನಿಮ್ಮ ತಲೆಬಾಗಿಲಿನಿಂದ ಒಳಹೊಕ್ಕು ಕಿಟಕಿಯಿಂದ ಹೊರಬರುವುದನ್ನು ನೋಡುತ್ತಾ ನಾನು ಎಷ್ಟೋ ಸಲ ಸಾರು ಉಕ್ಕಿಸಿದ್ದೇನೆ. ನಮ್ಮವರ ನಂಬಿಕೆಯೇನೆಂದರೆ, ಕೃಷ್ಣೆ ತುಂಬಿ ನಿಂತ ಕಡೆ ಕಾಲವೂ ತುಂಬಿ ನಿಂತಿದೆ. ತಳದಲ್ಲಿ ಇನ್ನೂ ನೀರು ಏರುವ ಮೊದಲಿನ ನಿಮ್ಮ ದಿನಗಳೇ ನಡೆದಿವೆ, ನೀವಿನ್ನೂ ಗಂಟುಮೂಟೆ ಕಟ್ಟಿಲ್ಲ. ಕಾಗದವನ್ನು ಒಣಗಿದ ಸೋರೆಬುರುಡೆಯೊಳಗಿಟ್ಟು, ಬಾಯಿಗೆ ಮೇಣ ಮೆತ್ತಿ, ಕಲ್ಲು ಕಟ್ಟಿ ಇಳಿಬಿಡುತ್ತೇವೆ. ಖರೆಯೋ ಸುಳ್ಳೋ ನನಗೆ ತಿಳಿಯದು. ಹಗ್ಗ ಸಡಿಲವಾಗುವಾಗ ಯಾರೋ ಬುರುಡೆಯನ್ನು ಕೈಗೆ ತೆಗೆದುಕೊಂಡ ಹಾಗಾಗುತ್ತದೆ, ನನಗೆ ಅಷ್ಟು ಸಾಕು. ನನ್ನ ಮಾತುಗಳು ನಿಮ್ಮ ಕಿವಿಗೆ ವಿಚಿತ್ರವಾಗಿ ಕೇಳಿಸಿದರೆ ಕ್ಷಮಿಸಿ. ನೂರರವತ್ತು ವರ್ಷ ನೀರಲ್ಲಿ ನೆಂದ ಕನ್ನಡ ಇದು, ಸ್ವಲ್ಪ ಉಬ್ಬಿರುತ್ತದೆ. ತಿಳಿಯದ ಪದಗಳನ್ನು ಹೇಳುತ್ತಾ ಹೋಗುತ್ತೇನೆ.

ಬರೆಯಲು ಕೂತ ಕಾರಣವನ್ನು ಮೊದಲೇ ಹೇಳಿಬಿಡುತ್ತೇನೆ. ನಾಳಿದ್ದು ಭಾದ್ರಪದದ ಮೊದಲ ದಿನ. ಅಂದಿಗೆ ನನ್ನ ಮೂರು ವರ್ಷದ ಶಿಕ್ಷೆ ಮುಗಿಯುತ್ತದೆ, ದಂಡಿಗೆ ಹೋಗಲು ದೋಣಿ ಹತ್ತಬಹುದು. ದಂಡಿಯೆಂದರೆ ಒಣ ನೆಲ, ಎದುರಿನವರ ಸೀಮೆ. ಅಲ್ಲಿ ನನ್ನ ಒಬ್ಬಳೇ ಮಗಳು ಹೊಳೆವ್ವ ಇದ್ದಾಳೆ. ಮೂರು ವರ್ಷದಿಂದ ಅವಳು ನನ್ನ ಮುಖ ನೋಡಿಲ್ಲ. ನಾನು ಹೋಗಿ ಬಾಗಿಲಲ್ಲಿ ನಿಂತರೆ ಒಳಗೆ ಕರೆಯುತ್ತಾಳೋ ಇಲ್ಲವೋ ಗೊತ್ತಿಲ್ಲ. ಎಪ್ಪತ್ತು ದಾಟಿದ ಹೆಂಗಸು ನಾನು, ಆ ಒಂದು ವಿಚಾರಕ್ಕೆ ಎರಡು ದಿನದಿಂದ ಊಟ ಸೇರುತ್ತಿಲ್ಲ.

ನಮ್ಮ ಊರನ್ನು ನೀವು ನೋಡಬೇಕಿತ್ತು. ಇಲ್ಲಿ ಬೀದಿಗಳಿಲ್ಲ, ಹಗ್ಗಗಳಿವೆ. ಒಂದೊಂದು ಉದ್ದನೆಯ ಹಗ್ಗಕ್ಕೆ ನಲವತ್ತು ಐವತ್ತು ಮನೆಗಳು ಎಮ್ಮೆಗಳಂತೆ ಕಟ್ಟಿಸಿಕೊಂಡು ತೇಲುತ್ತವೆ. ಜೊಂಡುಹುಲ್ಲನ್ನು ಹೆಣೆದು, ಅದರೊಳಗೆ ಅಣಬೆಯ ಬೇರು ಬಿಟ್ಟು ಬೆಳೆಸಿದ ಹಲಗೆಯೇ ನಮ್ಮ ನೆಲ. ಅದನ್ನು ಬೆಳೆಹಲಗೆ ಎನ್ನುತ್ತೇವೆ. ಹಳೆಯದಾದಷ್ಟೂ ದಪ್ಪವಾಗುತ್ತದೆ, ಮಳೆಗಾಲದಲ್ಲಿ ಮೆಲ್ಲಗೆ ಉಸಿರಾಡುತ್ತದೆ. ಬೆಳಗ್ಗೆ ಮಂಜು ಏಳುವ ಮೊದಲು ಬಿಸಿಲುಹೂಗಳು ಬಿಚ್ಚಿಕೊಳ್ಳುತ್ತವೆ. ಅವು ಹೂವಲ್ಲ, ಬಿಸಿಲನ್ನು ಹಿಡಿದು ಮನೆಗೆ ಬೆಳಕು ಕೊಡುವ ತಟ್ಟೆಗಳು, ಆದರೂ ಜೇನುಹುಳುಗಳು ಈಗಲೂ ಮೋಸಹೋಗಿ ಅವುಗಳ ಮೇಲೆ ಕೂರುತ್ತವೆ. ಚಳಿಗಾಲದಲ್ಲಿ ದೂರದೇಶದ ಬಾತುಗಳು ಸಾವಿರಗಟ್ಟಲೆ ಬಂದಿಳಿಯುತ್ತವೆ. ಆಗ ಇಡೀ ಊರು ಒಂದು ತಿಂಗಳು ಪಿಸುಮಾತಿನಲ್ಲಿ ಮಾತಾಡುತ್ತದೆ, ಅತಿಥಿಗಳ ನಿದ್ದೆ ಕೆಡಬಾರದೆಂದು. ಗಾಳಿ ಬೀಸಿದ ರಾತ್ರಿಯ ಮರುದಿನ ಎದ್ದರೆ ಪಕ್ಕದ ಮನೆ ಬೇರೆಯಾಗಿರುತ್ತದೆ. ಯಾರೂ ಗಾಬರಿಯಾಗುವುದಿಲ್ಲ, ಹೊಸ ಪಕ್ಕದವರಿಗೆ ರೊಟ್ಟಿಗೆ ನಂಚಿಕೊಳ್ಳುವ ಶೇಂಗಾ ಹಿಂಡಿ ಒಂದು ಬಟ್ಟಲು ಕೊಟ್ಟು ಪರಿಚಯ ಮಾಡಿಕೊಳ್ಳುತ್ತೇವೆ.

ದಂಡಿಯವರಿಗೂ ನಮಗೂ ಹಿಂದೆ ಜಗಳವಿತ್ತು. ನಲವತ್ತು ವರ್ಷ ನಡೆದ ಜಗಳ. ನೀರು ನಮ್ಮದು ಎಂದು ಅವರು, ಕೆಳಗಿನ ನಮ್ಮ ಹೊಲದ ಮೇಲೆಯೇ ನಾವು ತೇಲುತ್ತಿರುವುದು ಎಂದು ನಾವು. ಹೆಣಗಳೂ ಬಿದ್ದವು. ಕೊನೆಗೆ ಎರಡೂ ಕಡೆಯ ಅಜ್ಜಂದಿರು ಸುಸ್ತಾಗಿ ಒಂದೇ ಸಾಲಿನ ಒಪ್ಪಂದ ಬರೆದರು: ಅವರ ಮನೆಯ ಮಾತನ್ನು ನಮ್ಮ ಮನೆಯಲ್ಲಿ ಮುರಿಯೆವು. ಅಷ್ಟೇ. ಅವರ ನ್ಯಾಯ ಬೇರೆ, ನಮ್ಮ ನ್ಯಾಯ ಬೇರೆ. ಆದರೆ ಅಲ್ಲಿ ವೈದ್ಯಳಾದವಳು ಇಲ್ಲಿಯೂ ವೈದ್ಯಳೇ. ಇಲ್ಲಿ ಗಂಡನನ್ನು ಬಿಟ್ಟವಳು ಅಲ್ಲಿಯೂ ಬಿಟ್ಟವಳೇ, ಯಾರೂ ಮತ್ತೆ ಕಥೆ ಕೇಳುವುದಿಲ್ಲ. ಇದನ್ನು ಕಟ್ಟಳೆ ಎನ್ನಲಾರೆ. ಮುರಿದರೆ ಹಿಡಿಯಲು ಯಾರೂ ಬರುವುದಿಲ್ಲ. ಬರೀ ಉಪಚಾರ ಎಂದೂ ಅನ್ನಲಾರೆ. ಮುರಿದರೆ ಊರಿಗೆ ಊರೇ ತಲೆ ತಗ್ಗಿಸುತ್ತದೆ. ಎರಡರ ನಡುವೆ ಎಲ್ಲೋ ಇರುವ ಇದನ್ನು ನಾವು ಮನ್ನಣೆ ಎನ್ನುತ್ತೇವೆ, ನ್ಯಾಯದ ಕಟ್ಟಡಕ್ಕೂ ಮನ್ನಣೆಮನೆ ಎಂದೇ ಹೆಸರು. ಸಣ್ಣಸಣ್ಣದರಲ್ಲೂ ಅದು ಹರಡಿಕೊಂಡಿದೆ. ಎದುರುಬದುರಾದ ದೋಣಿಯವರು ಒಂದು ಉಸಿರಿನಷ್ಟು ಹೊತ್ತು ಹುಟ್ಟನ್ನು ನೀರಿನಿಂದ ಮೇಲೆತ್ತುತ್ತಾರೆ. ನಾವು ದಂಡಿಗೆ ಕಾಲಿಡುವ ಮೊದಲು ಸೆರಗು ಹಿಂಡಿಕೊಳ್ಳುತ್ತೇವೆ, ಅವರ ನೆಲ ಕೆಸರಾಗಬಾರದೆಂದು. ಅವರು ನಮ್ಮ ಹಲಗೆ ಹತ್ತುವ ಮೊದಲು ಅಂಗಾಲಿನ ಧೂಳು ಒರೆಸಿಕೊಳ್ಳುತ್ತಾರೆ. ಅವರ ಮಕ್ಕಳು ನಮ್ಮೆದುರು ಮುಳುಗು ಎಂಬ ಮಾತು ಆಡುವುದಿಲ್ಲ. ಇದನ್ನೆಲ್ಲ ಹಳಿಯಲು ನಾನು ಬರೆಯುತ್ತಿಲ್ಲ. ನನ್ನ ಅಜ್ಜ ಆ ಜಗಳದಲ್ಲಿ ಒಂದು ಕೈ ಕಳೆದುಕೊಂಡಿದ್ದ; ಹುಟ್ಟು ಎತ್ತಿದ ಪ್ರತಿಸಲ ನನಗೆ ಅವನ ನೆನಪಾಗುತ್ತದೆ.

ನಾನು ಎರಡೂ ಮನ್ನಣೆಮನೆಗಳ ನಡುವಿನ ಓಲೆಗಾರ್ತಿಯಾಗಿದ್ದೆ. ಇಪ್ಪತ್ತಾರು ವರ್ಷ. ಇಲ್ಲಿಯ ಕಾಗದ ಅಲ್ಲಿಗೆ, ಅಲ್ಲಿಯದು ಇಲ್ಲಿಗೆ. ಒಬ್ಬರ ತೀರ್ಪು ಇನ್ನೊಬ್ಬರ ಮನೆಗೆ ಬಂದರೆ ಅದು ಕಾಗದವಲ್ಲ, ಅತಿಥಿ. ಅದಕ್ಕೆ ಹಾಸಿದ ಕಂಬಳಿಯ ಮೇಲೆ ಮೂರು ದಿನ ವಿಶ್ರಾಂತಿ, ಆಮೇಲೆ ಬಿಚ್ಚಿ ಓದುವುದು. ಕಾಗದ ತಿನ್ನುವುದಿಲ್ಲವಲ್ಲ, ಅದರ ಪರವಾಗಿ ಬೆಲ್ಲ ನೀರು ನನಗೆ. ನಾನು ಹೊಸ್ತಿಲು ದಾಟಿದರೆ ಹಿರಿಯರೂ ಎದ್ದು ನಿಲ್ಲುತ್ತಿದ್ದರು. ನನಗಿದ್ದದ್ದು ಒಂದೇ ಕಟ್ಟುಪಾಡು: ಚೀಲದಲ್ಲಿರುವ ವಿಷಯದ ಬಗ್ಗೆ ತುಟಿ ಬಿಚ್ಚಬಾರದು, ತನ್ನವರ ವಿಷಯವಿದ್ದರಂತೂ ಹುಬ್ಬು ಕೂಡ ಕದಲಬಾರದು. ನನ್ನ ಬಾಯಿ ಹುಟ್ಟಿನಿಂದಲೇ ದೊಡ್ಡದು. ಆದರೂ ಚೀಲ ಹೆಗಲಿಗೇರಿದರೆ ನಾನು ಗೋಡೆ. ಕಸ್ತೂರೆವ್ವನ ಹಾಗೆ ಸುಮ್ಮನಿರು ಎಂದು ತಾಯಂದಿರು ಮಕ್ಕಳಿಗೆ ಹೇಳುವುದನ್ನು ಕೇಳಿ ಎಷ್ಟು ಹಿಗ್ಗುತ್ತಿದ್ದೆನೋ, ಈಗ ನೆನೆದರೆ ಕಪಾಳಕ್ಕೆ ಬಾರಿಸಿಕೊಳ್ಳಬೇಕು ಅನ್ನಿಸುತ್ತದೆ.

ಹೊಳೆವ್ವ ಮೆಚ್ಚಿದ್ದು ದಂಡಿಯ ನೇಕಾರನನ್ನು. ಗ್ಯಾನಪ್ಪ ಎಂದು ಹೆಸರು. ದೋಣಿಯ ಹಾಯಿಗೆ ಬಟ್ಟೆ ನೇಯುವವನು, ಅಳತೆ ತೆಗೆದುಕೊಳ್ಳಲು ನಮ್ಮ ಹಗ್ಗಕ್ಕೆ ಬಂದವನು ಅಳತೆ ತಪ್ಪಿತೆಂದು ನಾಲ್ಕು ಸಲ ಬಂದ. ನಾನೇನು ದಡ್ಡಿಯೇ? ಒಪ್ಪಿದೆ. ಮದುವೆ ಎಲ್ಲಿ ಎಂಬ ಮಾತು ಬಂತು. ಇಲ್ಲಿ ಮಾಡಿದರೆ ದಂಡಿಯವರಿಗೆ ಬೇಸರ, ಅಲ್ಲಿ ಮಾಡಿದರೆ ನಮ್ಮವರಿಗೆ. ಆಗ ಒಂದು ಜಾಣತನ ತೋರಿಸಿದವಳು ನಾನು, ಬೇರೆ ಯಾರೂ ಅಲ್ಲ. ಎರಡೂ ಸೀಮೆಗಳ ನಡುವೆ ಒಂದು ದೊಡ್ಡ ತೆಪ್ಪವಿದೆ, ನಡುತೆಪ್ಪ ಎನ್ನುತ್ತೇವೆ. ಈ ಕಡೆಯ ಹಗ್ಗವೂ ಆ ಕಡೆಯ ಹಗ್ಗವೂ ಅದನ್ನು ಹಿಡಿದಿವೆ. ಗಾಳಿ ಬಂದ ಹಾಗೆ ಒಮ್ಮೆ ಇತ್ತ, ಒಮ್ಮೆ ಅತ್ತ ಹೊರಳುತ್ತದೆ. ಅದರ ಮೇಲೆ ಮದುವೆ ಮಾಡೋಣ, ಯಾರ ಮನಸ್ಸೂ ನೋಯುವುದಿಲ್ಲ ಎಂದೆ. ಎರಡೂ ಊರವರು ಭೇಷ್ ಎಂದರು. ಅಂದು ಹಸಿರು ಹಾಯಿಗಳ ಚಪ್ಪರ, ಮಂಜಿನೊಳಗೆ ಎರಡೂ ದಿಕ್ಕಿನಿಂದ ಬರುವ ವಾಲಗ, ಅಕ್ಕಿಕಾಳು ಬಿದ್ದಲ್ಲೆಲ್ಲ ಮೀನುಗಳು ಬಾಯ್ದೆರೆದು ಮೇಲೆದ್ದವು. ಅಷ್ಟು ಚೆಂದದ ಮದುವೆಯನ್ನು ನಾನು ಮತ್ತೆ ನೋಡಿಲ್ಲ.

ಮದುವೆಯಾದವರು ಒಂದೇ ಕಡೆ ಒಲೆ ಹಚ್ಚಲು ಒಲೆಚೀಟಿ ಬೇಕು. ಅದಿಲ್ಲದೆ ಎದುರಿನವರ ಸೀಮೆಯಲ್ಲಿ ಹೊತ್ತು ಮುಳುಗಿದ ಮೇಲೆ ಉಳಿದರೆ ಒಪ್ಪಂದ ಮುರಿದಂತೆ. ಇವರು ಚೀಟಿ ಕೇಳಿದರು. ದಂಡಿಯ ಮನ್ನಣೆಮನೆ ಹೇಳಿತು: ಮದುವೆಯ ಹೊತ್ತಿಗೆ ತೆಪ್ಪವು ನೀರೂರಿನ ಕಡೆ ಹೊರಳಿತ್ತೆಂದು ಕೇಳಿದ್ದೇವೆ, ತಮ್ಮ ಘನ ಮನೆಯ ಮಾತೇ ನಮಗೆ ಮಾತು, ತಾವೇ ತೀರ್ಮಾನಿಸಬೇಕು. ಅದನ್ನು ಇಲ್ಲಿಗೆ ತಂದೆ. ನಮ್ಮವರು ಬರೆದರು: ಮದುಮಗ ತಮ್ಮ ನೆಲದ ಕೂಸು, ತೆಪ್ಪವೂ ತಮ್ಮ ಕಡೆಗೇ ಇತ್ತು, ತಮಗಿಂತ ಮೊದಲು ಬಾಯಿ ತೆರೆಯುವ ಉದ್ಧಟತನ ನಮಗೆ ಬೇಡ. ಅದನ್ನು ಅಲ್ಲಿಗೆ ಒಯ್ದೆ. ನಿಮ್ಮ ಕಾಲದಲ್ಲಿ ನನ್ನದು ನನ್ನದು ಎಂದು ಕಿತ್ತಾಡುತ್ತಿದ್ದರಂತೆ. ಇವರು ನಿಮ್ಮದು ನಿಮ್ಮದು ಎಂದು ಕೈಮುಗಿದಾಡಿದರು. ಪ್ರತಿ ಕಾಗದಕ್ಕೂ ಮೂರು ದಿನದ ಕಂಬಳಿ, ಮೂರು ದಿನದ ಉಪಚಾರ. ನಡುವೆ ಬಾತುಗಳ ತಿಂಗಳು ಬಂದರೆ ಅದೂ ರಜೆ. ಒಂದು ವರ್ಷವಾಯಿತು, ನಾಲ್ಕಾಯಿತು, ಹನ್ನೊಂದಾಯಿತು. ಮಗಳು ಅಳಿಯ ಸೋಮವಾರಕ್ಕೊಮ್ಮೆ ನಡುತೆಪ್ಪದ ಮೇಲೆ ಮಧ್ಯಾಹ್ನದವರೆಗೆ ಕೂತು ಎದ್ದುಬರುತ್ತಿದ್ದರು, ಕಾವಲಿನವರ ಎದುರು, ನಡುವೆ ಬುತ್ತಿಯಿಟ್ಟುಕೊಂಡು. ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತು ಎನ್ನುತ್ತೀರಲ್ಲ ನೀವು. ನಮ್ಮಲ್ಲಿ ಜಗಳವೇ ಇಲ್ಲದೆ ಕೂಸು ಬಡವಾಯಿತು.

ನಾನೇಕೆ ಸುಮ್ಮನಿದ್ದೆ? ಕಟ್ಟುಪಾಡು ಎಂದು ಎಲ್ಲರಿಗೂ ಹೇಳುತ್ತಿದ್ದೆ. ನಿಮ್ಮೆದುರು ಸುಳ್ಳೇಕೆ? ಹಿರಿಯರು ಎದ್ದು ನಿಲ್ಲುವುದು ನನಗೆ ಹಿತವಾಗಿತ್ತು. ಸ್ವಂತ ಮಗಳ ಬಾಳನ್ನು ಚೀಲದಲ್ಲಿ ಹೊತ್ತರೂ ಹುಬ್ಬು ಕದಲಿಸಲಿಲ್ಲ ಎಂದು ಎರಡೂ ಊರವರು ಹೊಗಳುತ್ತಿದ್ದರು. ಹೊಗಳಿಕೆ ಹೆಂಡದ ಹಾಗೆ, ದಿನಾ ಒಂದಿಷ್ಟು ಬೇಕು.

ಹನ್ನೊಂದನೆಯ ವರ್ಷದ ಶ್ರಾವಣದಲ್ಲಿ ಒಂದು ಬೆಳಗ್ಗೆ ಹೊಳೆವ್ವ ಚೀಲದೊಳಗೆ ತಾನೇ ಒಂದು ಕಾಗದ ತುರುಕಿದಳು. ಮೂವತ್ತೈದು ತುಂಬಿತ್ತು, ಬೈತಲೆಯ ಹತ್ತಿರ ನಾಲ್ಕು ಬಿಳಿಗೂದಲು. ‘ಇದನ್ನೂ ಒಯ್ಯಿ ಯವ್ವಾ. ಮರ್ಯಾದಿಲೆ ಒಯ್ಯಿ’ ಎಂದಳು, ಅಷ್ಟೇ. ಮದುವೆಯನ್ನು ಬಿಡಿಸಿಕೊಡಿ ಎಂಬ ಅರ್ಜಿ ಅದು. ಕಾದು ಕಾದು ಇಬ್ಬರಿಗೂ ಸಾಕಾಗಿತ್ತು. ಬೇರೆ ಬೇರೆಯಾದರೂ ಆಗೋಣ, ಹೀಗೆ ತೂಗಾಡುವುದು ಬೇಡ ಎಂದು ಅಳುತ್ತಾ ಒಪ್ಪಿಕೊಂಡಿದ್ದರಂತೆ. ನಾನು ಅದನ್ನೂ ಒಯ್ದೆ. ಸೆರಗು ಹಿಂಡಿಕೊಂಡೆ, ದಂಡಿಯ ಮನ್ನಣೆಮನೆಯ ತಣ್ಣನೆಯ ಕಲ್ಲುಹಾಸಿನ ಮೇಲೆ ಕೂತೆ, ಬೆಲ್ಲ ಬಾಯಿಗೆ ಹಾಕಿಕೊಂಡೆ. ಮೂರು ದಿನದ ನಂತರ ಅಲ್ಲಿಯ ಹಿರಿಯರು, ಮುರಿಗೆಪ್ಪ ಎಂಬವರು, ಕಾಗದ ಬಿಚ್ಚಿ ಓದಿ ಮೆಲ್ಲನೆ ನುಡಿದರು: ಗಂಟು ಬಿಚ್ಚಬೇಕಾದರೆ ಗಂಟು ಇದೆಯೆಂದು ಮೊದಲು ಒಪ್ಪಬೇಕು, ಅದನ್ನು ಒಪ್ಪುವ ಹಕ್ಕು ನೀರೂರಿನ ಘನ ಮನೆಯದು, ದಯವಿಟ್ಟು ಅವರನ್ನು ಕೇಳಿಕೊಂಡು ಬರಬೇಕು.

ಆ ದಿನವೂ ಬಾಯಿಗೆ ಹಾಕಿಕೊಂಡಿದ್ದ ಬೆಲ್ಲವನ್ನು ಇಡಿಯಾಗಿ ನುಂಗಿದೆ. ಇಪ್ಪತ್ತಾರು ವರ್ಷದ ಗೋಡೆ ಬಿದ್ದೇಹೋಯಿತು.

‘ಹಿರೇರ, ಒಂದ ಮಾತ ಕೇಳ್ತೀನ್ರಿ’ ಎಂದೆ. ‘ನಿಮ್ಮ ಮನಿ ಬಾಗಲದಾಗ ಯಾರರ ಬಂದ ನಿಂತ್ರ, ಬರ್ರಿ ಒಳಗ ಅಂತೀರೊ, ಬಾಜೂ ಮನಿಯವರು ಹೂಂ ಅಂದ್ರ ಬರ್ರಿ ಅಂತೀರೊ? ಬಾಜೂ ಮನಿಯವರೂ ಹಂಗ ಅಂದ್ರ ಅವರು ಎಲ್ಲಿ ನಿಲ್ಲಬೇಕ್ರಿ? ಒಳಗ ಕರೀರಿ, ಇಲ್ಲಾ ನಡೀರಿ ಅನ್ರಿ. ಇಬ್ಬರೂ ಕೂಡಿ ಮರ್ಯಾದಿ ಮರ್ಯಾದಿ ಅನಕೋತ ಆ ಹುಡುಗೂರ ಹರೇನ ತಿಂದ ಹಾಕಿದ್ರಲ್ಲರೀ!’

ಬರೆಯುವವನ ಲೇಖಣಿ ಕೈಯಿಂದ ಜಾರಿ ಉರುಳಿತು. ಓಲೆಗಾರ್ತಿ ಮಾತಾಡಿದ್ದನ್ನು ಅವರಲ್ಲಿ ಯಾರೂ ಕಂಡಿರಲಿಲ್ಲ. ಮುರಿಗೆಪ್ಪನವರು ಸಿಟ್ಟಾಗಲಿಲ್ಲ. ಕಟ್ಟಿನಲ್ಲಿದ್ದ ಕಾಗದಗಳನ್ನು ಒಂದೊಂದಾಗಿ ಹಿಂದಕ್ಕೆ ತಿರುವುತ್ತಾ ಹೋದರು. ನಾನು ಅವರ ಬೆರಳನ್ನೇ ನೋಡುತ್ತಿದ್ದೆ. ಮೊದಲ ಎರಡು ಕಾಗದಗಳಲ್ಲಿ ಮಗಳ ಅಳಿಯನ ಹೆಸರುಗಳಿದ್ದವಂತೆ. ಮೂರನೆಯದರಿಂದ ಸದರಿ ವಿಷಯ ಎಂದು ಮಾತ್ರ ಇತ್ತು. ಉಳಿದ ಎಂಬತ್ತು ಚಿಲ್ಲರೆ ಕಾಗದಗಳಲ್ಲಿ ಬರೀ ತಮ್ಮ ಘನ ಮನೆ, ನಮ್ಮ ಕಿರಿ ಮನೆ. ಅವುಗಳಲ್ಲಿ ಹೊಳೆವ್ವನ ಹೆಸರು ಎಲ್ಲಿಯೂ ಇರಲಿಲ್ಲ. ‘ಆ ಹುಡುಗಿ ಹೆಸರೇನವಾ?’ ಎಂದು, ನನ್ನ ಬಾಯಿಂದಲೇ ಬರಲಿ ಎಂಬಂತೆ ಕೇಳಿದರು. ಹೇಳಿದೆ. ನನ್ನ ಮಗಳು ಎಂದೂ ಹೇಳಿದೆ. ಎಲ್ಲರಿಗೂ ಗೊತ್ತಿದ್ದ ಸಂಗತಿಯೇ, ಆದರೂ ಬಾಯಿಬಿಟ್ಟು ಹೇಳಿದಾಗ ಆ ಮುದುಕ ಕಣ್ಣು ಮುಚ್ಚಿಕೊಂಡರು.

ಅಂದೇ ಬರೆಸಿದ ತೀರ್ಪನ್ನು ಈಗ ಎರಡೂ ಊರಿನ ಮಕ್ಕಳು ಬಾಯಿಪಾಠ ಮಾಡುತ್ತಾರೆ: ಮದುವೆಯ ದಿನ ತೆಪ್ಪ ಯಾವ ಕಡೆ ಹೊರಳಿತ್ತೋ ನಮಗೆ ತಿಳಿಯದು. ಅರ್ಧ ನಮ್ಮ ಕಡೆಗಿತ್ತು ಎಂದು ಹಿಡಿಯುತ್ತೇವೆ. ಆ ಅರ್ಧದ ಮಟ್ಟಿಗೆ ಗ್ಯಾನಪ್ಪ ಹೊಳೆವ್ವರ ಮದುವೆ ಮದುವೆಯೇ. ಅವರು ಇರುತ್ತೇವೆ ಎಂದರೆ ಇಂದೇ ನಮ್ಮ ನೆಲದಲ್ಲಿ ಒಲೆ ಹಚ್ಚಲಿ, ಬಿಡುತ್ತೇವೆ ಎಂದರೆ ಅದನ್ನೂ ನಾವೇ ಕೇಳುತ್ತೇವೆ. ಮೊದಲು ಮಾತಾಡಿದ್ದು ತಪ್ಪಾಗಿದ್ದರೆ ನೀರೂರಿನವರು ನಮ್ಮನ್ನು ಬೈಯಲಿ, ಒಡಹುಟ್ಟಿದವರ ಬೈಗುಳವೆಂದು ಕೇಳಿಕೊಳ್ಳುತ್ತೇವೆ. ಮುರಿಗೆಪ್ಪನವರು ಅದನ್ನು ಕಂಬಳಿಯ ಮೇಲೆ ಮಲಗಿಸದೆ ತಾವೇ ದೋಣಿಯಲ್ಲಿ ತಂದರು, ಪಂಚೆಯ ತುದಿ ನೆನೆದದ್ದನ್ನೂ ಲೆಕ್ಕಿಸದೆ. ನಮ್ಮ ಮನ್ನಣೆಮನೆಯ ಹಿರಿಯಳು ಖೈರುನ್ನಿಸಾ ಓದಿ ಕಾಗದ ಮಡಿಸಿಟ್ಟಳು. ಆಮೇಲೆ ಹೇಳಿದಳು: ‘ಬೈಯಾಕ ಏನೂ ಇಲ್ರಿ ಅಣ್ಣಾರ. ಇದನ್ನ ನಾವೂ ಎಂದೋ ಹೇಳಾವರಿದ್ವಿ. ಮೊದಲ ನೀವು ಹೇಳ್ಲಿ ಅಂತ ಕಾದ್ವಿ.’

ಕೇಳಿದಿರಾ! ಹನ್ನೊಂದು ವರ್ಷ.

ನನಗೆ ಶಿಕ್ಷೆ ಕೊಟ್ಟವಳೂ ಖೈರುನ್ನಿಸಾಳೇ. ‘ನೀ ಕೇಳಿದ್ದು ಖರೇ ಐತಿ ಕಸ್ತೂರೆವ್ವಾ, ಕೇಳಿದಾಕಿ ನೀ ಆಗಬಾರದಿತ್ತು’ ಎಂದು ಚೀಲ ಇಳಿಸಿಕೊಂಡಳು. ಮೂರು ವರ್ಷ ದಂಡಿಗೆ ಕಾಲಿಡುವಂತಿಲ್ಲ. ನಾನು ಎದುರಾಡಲಿಲ್ಲ. ಓಲೆಗಾರ್ತಿಯರೆಲ್ಲ ತಮ್ಮವರ ಪರ ಬಾಯಿ ಹಾಕತೊಡಗಿದರೆ ಚೀಲಕ್ಕೆ ಬೆಲೆಯಿಲ್ಲ, ನನಗೂ ಗೊತ್ತು. ತಪ್ಪು ನನ್ನದೇ, ಮತ್ತೆ ಅವಕಾಶ ಸಿಕ್ಕಿದರೆ ಮೊದಲ ವರ್ಷವೇ ಅದೇ ತಪ್ಪು ಮಾಡುತ್ತೇನೆ. ಹೊಳೆವ್ವ ನಾಲ್ಕು ದಿನ ಯೋಚಿಸಿದಳು, ಬಿಡುವ ಕಾಗದ ಹರಿದುಹಾಕಿ ಗ್ಯಾನಪ್ಪನ ಒಲೆಗೆ ಹೋದಳು. ದೋಣಿ ಹತ್ತುವ ಮೊದಲು ನನ್ನ ಕಡೆ ತಿರುಗಿದಳು. ಕೈಮುಗಿಯುತ್ತಾಳೆ ಎಂದುಕೊಂಡಿದ್ದೆ. ‘ಒಂದ ಮಾತ ಕೇಳೂದಕ್ಕ ನಿನಗ ಹನ್ನೊಂದ ವರ್ಷ ಬೇಕಾದುವೇನು?’ ಎಂದಳು. ಅಲ್ಲಿಂದೀಚೆಗೆ ಅಳಿಯ ತಿಂಗಳಿಗೊಮ್ಮೆ ಜೋಳದ ಹಿಟ್ಟು ತಂದಿಟ್ಟು, ‘ಚೊಲೋ ಅದಾಳ್ರಿ ಅತ್ತಿಯವರ’ ಎಂದು ನೆಲ ನೋಡುತ್ತಾ ಹೇಳಿ ಹೋಗುತ್ತಾನೆ. ಅವಳಿಗೆ ಇಲ್ಲಿಗೆ ಬರಲು ಯಾವ ತಡೆಯೂ ಇರಲಿಲ್ಲ. ಬರಲಿಲ್ಲ.

ಕೆಳಮನೆಯವರೇ, ನಿಮ್ಮಲ್ಲಿ ಒಂದು ಬೇಡಿಕೆ. ನಿಮ್ಮಲ್ಲಿಯೂ ಕಚೇರಿಗಳಿವೆ, ದೇಶಗಳಿವೆ, ಬೀಗರಿದ್ದಾರೆ. ಒಬ್ಬರ ಮಾತನ್ನು ಒಬ್ಬರು ಮನ್ನಿಸಿ. ಮನ್ನಿಸದೆ ಹೋದರೆ ಏನಾಗುತ್ತದೆಂದು ನನ್ನಜ್ಜನ ತೋಳು ಹೇಳುತ್ತಿತ್ತು. ಆದರೆ ಕಾಗದವನ್ನು ಆಚೆ ಮನೆಗೆ ಕಳಿಸುವ ಮೊದಲು ಅದರೊಳಗೆ ಹೆಸರಿದೆಯೇ ಎಂದು ನೋಡಿ. ಹೂಂ ಎನ್ನಿ, ಉಹೂಂ ಎನ್ನಿ, ತಪ್ಪಾದರೆ ಬೈಸಿಕೊಳ್ಳಿ. ಬೈಸಿಕೊಳ್ಳುವ ಧೈರ್ಯವಿಲ್ಲದವರ ನಯವನ್ನು ನಂಬಬೇಡಿ. ಅತಿವಿನಯಂ ಧೂರ್ತಲಕ್ಷಣಂ ಎಂದು ನಿಮ್ಮವರೇ ಹೇಳಿದ್ದಾರಂತೆ. ಧೂರ್ತರೇ ಆಗಬೇಕಿಲ್ಲ, ನನ್ನ ಹಾಗೆ ಅಂಜುಬುರುಕರಾದರೂ ಸಾಕು.

ಭಾದ್ರಪದದ ಎರಡನೆಯ ದಿನ
ದಂಡಿ

ಕಾಗದವನ್ನು ಮುಗಿಸದೆ ಜೊತೆಗೆ ತಂದೆ. ನಿನ್ನೆ ಮಂಜು ಹರಿಯುವ ಮೊದಲೇ ದೋಣಿ ಹತ್ತಿದ್ದೆ. ಹೊಳೆಯ ಮೇಲೆ ದಿಕ್ಕೇ ಇರಲಿಲ್ಲ, ಎಲ್ಲವೂ ಹಾಲಿನ ಬಣ್ಣ. ಎದುರಿಗೆ ಬಂದ ಯಾರದೋ ದೋಣಿಯ ಹುಟ್ಟು ಮೇಲೆದ್ದದ್ದು ಮಾತ್ರ ಕಂಡಿತು, ದೋಣಿ ಕಾಣಲಿಲ್ಲ. ನೇಕಾರರ ಓಣಿಯ ತುಂಬ ಒಣಹಾಕಿದ ಹಾಯಿಗಳು. ಅವುಗಳ ನಡುವೆ ನಡೆಯುವಾಗ ನಿಂತ ನೆಲದ ಮೇಲೂ ತೇಲುತ್ತಿದ್ದೇನೆ ಅನ್ನಿಸಿತು. ಮಗ್ಗದ ಸದ್ದು ಹಿಡಿದು ಮನೆ ಹುಡುಕಿದೆ. ನೀರೂರಿನವರು ದಂಡಿಯ ಮನೆಗೆ ಹೋದರೆ ಒಳಗಿನವರು ಮೂರು ಸಲ ಕರೆಯುವವರೆಗೆ ಹೊರಗೇ ನಿಲ್ಲುವುದು ರೂಢಿ. ನಿಂತೆ. ಒಳಗೆ ರೊಟ್ಟಿ ಬಡಿಯುವ ಸಪ್ಪಳ. ಅದು ಒಮ್ಮೆ ನಿಂತಿತು, ಮತ್ತೆ ಶುರುವಾಯಿತು. ಕಂಡಿದ್ದಾಳೆ, ಕರೆಯಲಿಲ್ಲ. ಹಿಂದಿರುಗಬೇಕೆಂದು ಚಪ್ಪಲಿಗೆ ಕಾಲು ಹಾಕಿದ್ದೆ.

‘ಎಷ್ಟೊತ್ತ ನಿಲ್ಲಾಕಿ ಅಲ್ಲೆ, ಕಂಬಾ ನಿಂತಂಗ?’ ಒಳಗಿನಿಂದ ದನಿ ಬಂತು. ‘ಬಾ ಒಳಗ. ಹಂಚಿನ್ಯಾಗ ರೊಟ್ಟಿ ಸೀಯಾಕತ್ತಾವ.’

ಒಂದೇ ಸಲ ಕರೆದಳು. ನಾನು ಒಂದೇ ಸಲಕ್ಕೆ ಹೋದೆ. ಒಲೆಯ ಮುಂದೆ ಕೂತವಳು ತಲೆಯೆತ್ತದೆ ತಟ್ಟೆ ನೂಕಿದಳು, ನೂಕಿದ್ದೇ ಬೈಯಲು ಶುರುಮಾಡಿದಳು. ಹದಿನಾಲ್ಕು ವರ್ಷದ ಬೈಗುಳ, ಒಂದೂ ಬಿಡಲಿಲ್ಲ. ನಾನು ತಿನ್ನುತ್ತಾ ಕೇಳಿದೆ. ಕೊನೆಗೆ ಅದೇ ಪ್ರಶ್ನೆ, ಯಾಕ ಸುಮ್ಮನಿದ್ದಿ ಎಂದು. ‘ಅಂಜಿಕಿ ಇತ್ತವ್ವಾ. ಮಂದಿ ಚೊಲೋ ಅನ್ನೂದ ಬಿಡತಾರಂತ ಅಂಜಿದ್ದೆ’ ಎಂದೆ. ಅವಳ ಕೈಯಲ್ಲಿದ್ದ ಹಿಟ್ಟಿನ ಉಂಡೆ ಹಾಗೆಯೇ ನಿಂತಿತು. ಒಲೆಗೆ ಹೇಳುವಂತೆ ಹೇಳಿದಳು: ‘ನಾನರ ಏನ ಮಾಡಿದೆ? ಸೋಮವಾರಕ್ಕೊಮ್ಮೆ ಹೋಗಿ ಆರಾಮ ಅದೀರೇನ್ರಿ ಅಂತ ಅವರನ್ನ ಕೇಳಿ, ನಕ್ಕೋತ ಎದ್ದ ಬಂದೆ. ಒಂದ ದಿನಾನೂ ನಡೀರಿ ಹೋಗೂಣು, ಯಾರ ಏನ ಮಾಡ್ತಾರ ನೋಡೂಣು ಅನ್ನಲಿಲ್ಲ. ನಿನ್ನ ಹೊಟ್ಟ್ಯಾಗ ಹುಟ್ಟೀನಲ್ಲ.’ ಆಮೇಲೆ ಇಬ್ಬರೂ ಅತ್ತೆವು. ಗ್ಯಾನಪ್ಪ ಮಗ್ಗ ನಿಲ್ಲಿಸಿ ಬಾಗಿಲವರೆಗೆ ಬಂದು, ನಮ್ಮನ್ನು ನೋಡಿ, ಸದ್ದಿಲ್ಲದೆ ಹಿಂದೆ ಸರಿದ.

ಇವತ್ತು ಬೆಳಗ್ಗೆ ಪಲ್ಯಕ್ಕೆ ಉಪ್ಪು ಹೆಚ್ಚಾಗಿದೆ ಎಂದೆ. ಹೆಚ್ಚಾಗಿದ್ದರೆ ನೀನೇ ಮಾಡಿಕೋ ಎಂದಳು. ಮಾತಿಗೆ ಮಾತು ಬೆಳೆದು ಜಗಳವೇ ಆಯಿತು, ಓಣಿಗೆಲ್ಲ ಕೇಳಿಸುವಷ್ಟು. ಅದಕ್ಕೇ ಹಿತ್ತಿಲಿಗೆ ಬಂದು ಕೂತು ಇದನ್ನು ಬರೆಯುತ್ತಿದ್ದೇನೆ, ಕೆಳಮನೆಯವರೇ, ಇಷ್ಟು ಸುಖವಾಗಿ ನಾನು ಯಾವತ್ತೂ ಕೂತಿಲ್ಲ. ಊಟಕ್ಕೆ ಕರೆಯುತ್ತಿದ್ದಾಳೆ. ಎರಡನೆಯ ಸಲ ಕರೆಯುವಾಗ ಅವಳ ದನಿ ಅಷ್ಟು ಚೆನ್ನಾಗಿರುವುದಿಲ್ಲ. ಬರಲೇ?